ಗೀಸರ್ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದೆ, ಪ್ಲಗ್ ಹಾಕಬಹುದೇ?

ಪ್ರಶ್ನೆ: ಮನೆಗೆ 25 ಲೀಟರಿನ, 2 ಕಿಲೋವಾಟ್‌ನ ಸ್ಟೋರೇಜ್ ಗೀಸರ್ ತಂದಿದ್ದೇವೆ. ನಾಲ್ಕು ದಿನದ ಹಿಂದೆ ಪ್ಲಂಬರ್ ಬಂದು ಗೋಡೆಗೆ ಕೂರಿಸಿ ಹೋದರು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ, ತಣ್ಣೀರಿನ ಪೈಪಿಗೆ ಹಾಕಿರುವ ಸಣ್ಣ ಹಿತ್ತಾಳೆ ವಾಲ್ವ್‌ನಿಂದ ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ನೀರು ಕಾದು ಮುಗಿದ ಮೇಲೆ ನಿಲ್ಲುತ್ತದೆ. "ಅದಕ್ಕೊಂದು ಎಂಡ್ ಪ್ಲಗ್ ಹಾಕಿದರೆ ಆಯ್ತು" ಅನ್ನುತ್ತಾರೆ ಪ್ಲಂಬರ್. ಕರೆಂಟನ್ನು ಸದ್ಯಕ್ಕೆ ಬಾತ್‌ರೂಮಿನ ಲೈಟ್ ಲೈನ್‌ನಿಂದಲೇ ಕೊಟ್ಟಿದ್ದಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ವಯಸ್ಸಾದ ಅತ್ತೆ ಇದ್ದಾರೆ. ಹೀಗೇ ಬಳಸಬಹುದೇ? ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಆ ವಾಲ್ವ್‌ಗೆ ಪ್ಲಗ್ ಹಾಕಿಸಬೇಡಿ. ಲೈಟಿನ ಲೈನ್ ಮೇಲೆ ಗೀಸರ್ ಓಡಿಸಬೇಡಿ. ಇದನ್ನು ಓದಿದ ಕೂಡಲೇ ಗೀಸರ್ ಆಫ್ ಮಾಡಿ. ಬೇರೆ ಲೈನ್ ಬರುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಎರಡು ದಿನ ಕಷ್ಟವಾಗುತ್ತದೆ, ಗೊತ್ತು. ಆದರೂ ಹಾಗೇ ಮಾಡಿ.

ಗೀಸರ್ ಅಂದರೆ ಬಿಗಿಯಾಗಿ ಮುಚ್ಚಿದ ಒಂದು ಪಾತ್ರೆ. ಒಳಗೆ ನೀರಿದೆ, ನೀರಿನೊಳಗೆ ಕರೆಂಟಿನ ಕಾಯಿಲ್ ಇದೆ. ಒತ್ತಡ ಜಾಸ್ತಿಯಾದರೆ ಅದಕ್ಕೆ ಹೊರಗೆ ಹೋಗಲು ಒಂದು ದಾರಿ ಬೇಕು. ಕರೆಂಟ್ ಸೋರಿದರೆ ಅದಕ್ಕೂ ಒಂದು ದಾರಿ ಬೇಕು. ನೀರಿನ ದಾರಿ ಆ ಹಿತ್ತಾಳೆ ವಾಲ್ವ್. ಕರೆಂಟಿನ ದಾರಿ ಅರ್ಥ್ ವೈರ್. ನಾನು ನೋಡಿದ ಕೆಟ್ಟ ಅಪಘಾತಗಳಲ್ಲೆಲ್ಲ ಈ ಎರಡರಲ್ಲಿ ಒಂದನ್ನು ಯಾರೋ ಮುಚ್ಚಿದ್ದರು, ಇಲ್ಲವೇ ಹಾಕೋದನ್ನೇ ಬಿಟ್ಟಿದ್ದರು. ನಿಮ್ಮ ಮನೆಯಲ್ಲಿ ಈಗ ಒಂದನ್ನು ಮುಚ್ಚುವ ಮಾತು ನಡೀತಿದೆ. ಇನ್ನೊಂದು ಇದೆಯೋ ಇಲ್ಲವೋ ಯಾರೂ ನೋಡಿಲ್ಲ.

ವಾಲ್ವ್ ಯಾಕೆ ತೊಟ್ಟಿಕ್ಕುತ್ತದೆ ಅಂತ ನೋಡೋಣ. ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯಿಂದ 60 ಡಿಗ್ರಿಗೆ ಬಂದಾಗ ಅದು ಶೇಕಡ 1.4ರಷ್ಟು ಹೆಚ್ಚಾಗುತ್ತದೆ. ಕೇಳಲು ಕಡಿಮೆ ಅನಿಸಬಹುದು. 25 ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 350 ಮಿಲಿಲೀಟರ್, ಅಂದರೆ ಒಂದೂವರೆ ಎರಡು ಲೋಟ ನೀರು. ಈ ನೀರು ಎಲ್ಲಿಗೆ ಹೋಗಬೇಕು? ಟ್ಯಾಂಕ್ ತುಂಬಿದೆ, ನಲ್ಲಿ ಮುಚ್ಚಿದೆ. ತಣ್ಣೀರಿನ ಪೈಪಿಗೆ ವಾಪಸ್ ಹೋಗೋಣ ಅಂದರೆ ಅಲ್ಲಿ ನೀರನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಇದೆ. ಉಳಿದಿದ್ದು ಈ ಸೇಫ್ಟಿ ವಾಲ್ವ್ ಒಂದೇ. ಒತ್ತಡ ಒಂದು ಮಟ್ಟ ದಾಟಿದಾಗ ಅದರೊಳಗಿನ ಸ್ಪ್ರಿಂಗ್ ಒತ್ತಿಕೊಂಡು ಬಾಯಿ ಸ್ವಲ್ಪ ತೆರೆಯುತ್ತದೆ, ಹನಿ ಹನಿಯಾಗಿ ನೀರು ಬಿಡುತ್ತದೆ. ಕಾಯುವಾಗ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಂತರೆ ಅದು ಸೋರಿಕೆಯಲ್ಲ. ವಾಲ್ವ್ ತನ್ನ ಕೆಲಸ ಮಾಡುತ್ತಿದೆ.

ಅದರ ಬಾಯಿಗೆ ಪ್ಲಗ್ ಹಾಕಿದರೆ ಏನಾಗುತ್ತದೆ? ನೀರನ್ನು ಗಾಳಿಯ ಹಾಗೆ ಒತ್ತಿ ಕಿರಿದು ಮಾಡಲು ಆಗುವುದಿಲ್ಲ. ಹಾಗಾಗಿ ಹಿಗ್ಗಿದ ನೀರು ಟ್ಯಾಂಕನ್ನೇ ಹಿಗ್ಗಿಸುತ್ತದೆ. ದಿನಕ್ಕೆ ಎರಡು ಸಲ ಕಾಯಿಸಿದರೆ ವರ್ಷಕ್ಕೆ ಏಳುನೂರು ಸಲ ಟ್ಯಾಂಕ್ ಹಿಗ್ಗಿ ಕುಗ್ಗುತ್ತದೆ. ತುಂಬ ಗೀಸರ್‌ಗಳ ಒಳಗೆ ತುಕ್ಕು ಹಿಡಿಯದಿರಲೆಂದು ಗಾಜಿನ ಲೇಪ ಇರುತ್ತದೆ. ಉಕ್ಕು ಸ್ವಲ್ಪ ಹಿಗ್ಗೀತು, ಗಾಜು ಹಿಗ್ಗುವುದಿಲ್ಲ. ಅದು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ತುಕ್ಕು ಶುರುವಾಗುತ್ತದೆ. ಹತ್ತು ವರ್ಷ ಬಾಳಬೇಕಾದ ಟ್ಯಾಂಕ್ ಎರಡು ಮೂರು ವರ್ಷಕ್ಕೇ ಸೋರಬಹುದು. ಒಮ್ಮೆ ಒಂದು ಮನೆಯಲ್ಲಿ ಹೀಗೆ ಪ್ಲಗ್ ಹಾಕಿದ್ದ ಗೀಸರನ್ನು ಇಳಿಸಿ ಹೊರಗಿನ ಕವಚ ಬಿಚ್ಚಿದೆ. ನೇರವಾಗಿ ಇರಬೇಕಾದ ಟ್ಯಾಂಕಿನ ಮೈ ಬ್ಯಾರಲ್ ಥರ ಉಬ್ಬಿತ್ತು. ಆ ಬಾತ್‌ರೂಮಿನಲ್ಲಿ ದಿನವೂ ಮಗುವಿಗೆ ಸ್ನಾನ ಮಾಡಿಸುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಟ್ಯಾಂಕ್ ಸೋರಿ ಹಾಳಾಗೋದು ಹೋಗಲಿ. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ನೀರು ಬೇಕಾದಷ್ಟು ಕಾದ ಮೇಲೆ ಕಾಯಿಲ್‌ಗೆ ಕರೆಂಟ್ ನಿಲ್ಲಿಸೋದು ಥರ್ಮೋಸ್ಟಾಟ್. ಅದು ಕೆಟ್ಟರೆ ಅಂತ ಥರ್ಮಲ್ ಕಟ್‌ಔಟ್ ಇರುತ್ತದೆ. ಎರಡೂ ಒಟ್ಟಿಗೆ ಕೆಡುವುದು ಅಪರೂಪ, ಆದರೆ ಆಗುತ್ತದೆ. ಆಗ ಕಾಯಿಲ್ ಕಾಯಿಸುತ್ತಲೇ ಇರುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಹಾಗಲ್ಲ. 8 ಬಾರ್ ಒತ್ತಡದಲ್ಲಿ ನೀರು ಕುದಿಯಲು ಸುಮಾರು 175 ಡಿಗ್ರಿ ಬೇಕು. ಅಷ್ಟು ಕಾದ ನೀರಿನ ಟ್ಯಾಂಕ್ ಒಡೆದರೆ ಒತ್ತಡ ಒಮ್ಮೆಗೇ ಇಳಿಯುತ್ತದೆ, ನೀರಿನ ಒಂದು ಪಾಲು ಕ್ಷಣದಲ್ಲಿ ಆವಿಯಾಗುತ್ತದೆ. ಆವಿ ಅದೇ ನೀರಿಗಿಂತ 1,600 ಪಟ್ಟು ಜಾಸ್ತಿ ಜಾಗ ಕೇಳುತ್ತದೆ. ಗೋಡೆ ಒಡೆಯುವ ಶಕ್ತಿ ಬರೋದು ಅಲ್ಲಿಂದ. ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಕೈಕೊಟ್ಟ ದಿನ ನಿಮ್ಮನ್ನು ಕಾಯೋದು ಈಗ ತೊಟ್ಟಿಕ್ಕುತ್ತಿರುವ ಅದೇ ವಾಲ್ವ್.

ನೀರು ನೆಲಕ್ಕೆ ಬಿದ್ದು ಕಿರಿಕಿರಿ ಆಗುತ್ತಿದ್ದರೆ ದಾರಿ ಇದೆ. ವಾಲ್ವ್‌ನ ಬಾಯಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ನೀರು ಹೋಗುವ ತೂಬಿನ ತನಕ ಇಳಿಸಿ. ಪೈಪ್ ಉದ್ದಕ್ಕೂ ಇಳಿಜಾರಾಗಿರಲಿ, ಎಲ್ಲೂ ಮಡಚಿಕೊಳ್ಳಬಾರದು. ಕೆಳಗಿನ ತುದಿ ಗಾಳಿಗೆ ತೆರೆದಿರಲಿ, ಬಕೆಟ್ ನೀರಿನಲ್ಲಿ ಮುಳುಗಿರಬಾರದು. ಬಿಸಿ ನೀರು ಬರಬಹುದಾದ್ದರಿಂದ ಮಕ್ಕಳ ಕಾಲಿಗೆ ಬೀಳದ ಕಡೆ ಬಿಡಿ.

ಇನ್ನೊಂದು ವಿಷಯವನ್ನು ನೀವೇ ಕಣ್ಣಿಟ್ಟು ನೋಡಬೇಕು. ಸೇಫ್ಟಿ ವಾಲ್ವ್‌ಗೂ ಟ್ಯಾಂಕಿಗೂ ನಡುವೆ ನೀರು ನಿಲ್ಲಿಸುವ ಯಾವ ವಾಲ್ವ್ ಕೂಡ ಇರಬಾರದು. ಸ್ಟಾಪ್ ವಾಲ್ವ್ ಬೇಕು, ರಿಪೇರಿಗೆ ಅದಿಲ್ಲದೆ ಆಗಲ್ಲ. ಆದರೆ ಅದು ಸೇಫ್ಟಿ ವಾಲ್ವ್‌ಗಿಂತ ಮೊದಲು ಬರಬೇಕು. ನೀರು ಬರುವ ದಾರಿಯಲ್ಲಿ ಮೊದಲು ಸ್ಟಾಪ್ ವಾಲ್ವ್, ಆಮೇಲೆ ಸೇಫ್ಟಿ ವಾಲ್ವ್, ಅದಾದ ಮೇಲೆ ನೇರ ಟ್ಯಾಂಕ್. ಈ ಸಾಲು ಹಿಂದೆ ಮುಂದೆ ಆದರೆ, ಯಾರೋ ಸ್ಟಾಪ್ ವಾಲ್ವ್ ತಿರುಗಿಸಿದ ದಿನ ಪ್ಲಗ್ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಸೇಫ್ಟಿ ವಾಲ್ವ್ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಅದು ಟ್ಯಾಂಕಿನ ಕಡೆ ಮುಖ ಮಾಡಿರಬೇಕು.

ನಾನ್ ರಿಟರ್ನ್ ವಾಲ್ವ್ ತೆಗೆದರೆ ತೊಟ್ಟಿಕ್ಕೋದು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲಲೂಬಹುದು, ಆದರೆ ತೆಗೆಯಬೇಡಿ. ಗೀಸರಿನೊಳಗೆ ತಣ್ಣೀರು ಬರುವ ಪೈಪ್ ಗಿಡ್ಡ, ತಳದಲ್ಲೇ ಮುಗಿಯುತ್ತದೆ. ಬಿಸಿನೀರು ಹೋಗುವ ಪೈಪ್ ಉದ್ದ, ಟ್ಯಾಂಕಿನ ನೆತ್ತಿಯ ತನಕ ಹೋಗುತ್ತದೆ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ಕೆಳಗಿಂದ ತಣ್ಣೀರು ಬಂದು ಮೇಲಿನ ಬಿಸಿನೀರನ್ನು ತಳ್ಳುತ್ತದೆ. ಮನೆಯ ಮೇಲಿನ ಟ್ಯಾಂಕ್ ಖಾಲಿಯಾದ ದಿನ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಗೀಸರಿನ ನೀರು ಆ ಗಿಡ್ಡ ಪೈಪಿನಿಂದ ವಾಪಸ್ ಇಳಿದು ಹೋಗಬಹುದು. ಕಾಯಿಲ್ ಒಣಗಿ ನಿಲ್ಲುತ್ತದೆ. ಆಗ ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಕಾಯಿಲ್ ಸುಟ್ಟುಹೋಗುತ್ತದೆ. ನಿಂತಿರುವಂತೆ ಕೂರಿಸುವ ಗೀಸರನ್ನು ಜಾಗ ಸಾಲದು ಅಂತ ಅಡ್ಡ ಮಲಗಿಸಬಾರದು ಅನ್ನೋದಕ್ಕೂ ಕಾರಣ ಇದೇ ಎರಡು ಪೈಪು. ಅಡ್ಡ ಮಲಗಿಸಿದರೆ ಅವುಗಳ ಲೆಕ್ಕವೇ ತಪ್ಪುತ್ತದೆ, ಕಾಯಿಲ್ ನೀರಿನಿಂದ ಹೊರಗೆ ಉಳಿಯಬಹುದು. ಅಡ್ಡ ಹಾಕಲೆಂದೇ ಮಾಡಿದ ಮಾಡೆಲ್‌ಗಳು ಬೇರೆ ಇವೆ.

ಈಗ ಕರೆಂಟಿಗೆ ಬರೋಣ. 230 ವೋಲ್ಟ್‌ನಲ್ಲಿ 2 ಕಿಲೋವಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ. ಅದೂ ಅರ್ಧ ಗಂಟೆ ಬಿಡದೆ, ಯಾಕಂದರೆ 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು ಒಂದು ಯೂನಿಟ್ ಕರೆಂಟ್ ಬೇಕು. ಲೈಟಿನ ಲೈನ್‌ಗೆ ಸಾಮಾನ್ಯವಾಗಿ ಎಳೆಯೋದು 1 ಅಥವಾ 1.5 ಚದರ ಮಿಲಿಮೀಟರ್ ವೈರ್. ಸ್ವಿಚ್ಚು 6 ಆಂಪಿನದು. ಇದು ಇಷ್ಟು ಹೊರೆಗೆ ಮಾಡಿದ್ದಲ್ಲ.

"6 ಆಂಪ್ ಎಂಸಿಬಿ ಇದೆಯಲ್ಲ, ಜಾಸ್ತಿ ಆದರೆ ಟ್ರಿಪ್ ಆಗುತ್ತೆ ಅಲ್ವಾ" ಅಂತ ನೀವು ಕೇಳಬಹುದು. ತುಂಬ ಜನ ಇದೇ ನಂಬಿಕೆಯಲ್ಲಿರುತ್ತಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನ್ ಕಡಿಯುವ, ಬೋರ್ಡಿನಲ್ಲಿರುವ ಸ್ವಿಚ್. ಆದರೆ ಅದು ತನ್ನ ಮೇಲೆ ಬರೆದ ಆಂಪ್ ದಾಟಿದ ಕೂಡಲೇ ಬೀಳುವುದಿಲ್ಲ. ಬರೆದಿದ್ದಕ್ಕಿಂತ 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು ಅನ್ನೋದು ಅದರ ನಿಯಮ. 6ರ 1.45 ಪಟ್ಟು ಅಂದರೆ 8.7. ನಿಮ್ಮ ಗೀಸರ್ ಎಳೆಯೋದೂ ಅಷ್ಟೇ. ಅದು ಅರ್ಧ ಗಂಟೆಗೆ ಕಾಯಿಸಿ ಮುಗಿಸುತ್ತದೆ, ಎಂಸಿಬಿ ಬೀಳದೇ ಇರಬಹುದು. ಆ ಅರ್ಧ ಗಂಟೆ ಗೋಡೆಯೊಳಗಿನ ವೈರ್ ಮತ್ತು ಸ್ವಿಚ್ ಬಿಸಿಯಾಗುತ್ತಿರುತ್ತವೆ. ಆಗಾಗ ಟ್ರಿಪ್ ಆಗುವ ಮನೆಗಳಲ್ಲಿ ಇನ್ನೂ ಕೆಟ್ಟ ಕೆಲಸ ನಡೆಯುತ್ತದೆ. 6 ಆಂಪಿನದನ್ನು ಕಿತ್ತು 16 ಆಂಪಿನದು ಹಾಕುತ್ತಾರೆ, ವೈರ್ ಮಾತ್ರ ಹಳೆಯದೇ. ಆಮೇಲೆ ಎಂಸಿಬಿ ಬೀಳುವ ಮೊದಲು ವೈರ್ ಸುಡುತ್ತದೆ. ಎಂಸಿಬಿ ಆರಿಸೋದು ವೈರ್ ನೋಡಿಕೊಂಡು.

ನಿಮಗೆ ಬೇಕಾದ್ದು ಮೇನ್ ಬೋರ್ಡ್‌ನಿಂದ ಗೀಸರಿಗೆ ಅಂತಲೇ ಬರುವ ಒಂದು ಲೈನ್. ಮಧ್ಯೆ ಬೇರೆ ಯಾವುದಕ್ಕೂ ಕವಲು ಬೇಡ. 2 ಕಿಲೋವಾಟಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪ್ ಎಂಸಿಬಿ. ಬೋರ್ಡ್ ದೂರ ಇದ್ದರೆ, ಅಥವಾ ಮುಂದೆ 3 ಕಿಲೋವಾಟಿನದು ಹಾಕುವ ಯೋಚನೆ ಇದ್ದರೆ, ಈಗಲೇ 4 ಚದರ ಮಿಲಿಮೀಟರ್ ಎಳೆಸಿ. ಗೋಡೆ ಎರಡು ಸಲ ಒಡೆಸೋದು ತಪ್ಪುತ್ತದೆ. ಸ್ವಿಚ್ ಡಬಲ್ ಪೋಲ್ ಇರಲಿ, ಅಂದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಉರಿಯುತ್ತಿದೆ ಅಂತ ತೋರಿಸುವ ಕೆಂಪು ದೀಪ ಅದರಲ್ಲಿರಲಿ. ಸ್ವಿಚ್ ಬಾತ್‌ರೂಮಿನ ಬಾಗಿಲ ಹೊರಗೆ ಇದ್ದರೆ ನನಗೆ ಜಾಸ್ತಿ ಸಮಾಧಾನ. ಒದ್ದೆ ಕೈ ಅದರ ಮೇಲೆ ಬೀಳುವುದಿಲ್ಲ.

ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ವೈರ್ ತುದಿ ಸ್ಕ್ರೂ ಕೆಳಗೆ ಗಟ್ಟಿಯಾಗಿ ಕೂರಬೇಕು. ಸಡಿಲವಾದ ಒಂದು ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ, 8.7 ಆಂಪ್ ಹರಿಯುವಾಗ ಅಲ್ಲಿ ಸುಮಾರು 38 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು ಬಿಸಿ, ಪ್ಲಾಸ್ಟಿಕ್ ಸಾಕೆಟ್ ಒಳಗೆ! ಪ್ಲಗ್ ಪಿನ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಕಾರಣ ಹೆಚ್ಚಾಗಿ ಇದೇ.

ಅರ್ಥಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಕಾಯಿಲ್ ಅಂದರೆ ಲೋಹದ ಕೊಳವೆ, ಅದರೊಳಗೆ ತಂತಿ. ಕೊಳವೆಯಲ್ಲಿ ಸೀಳು ಬಿಟ್ಟರೆ ಕರೆಂಟ್ ನೀರಿಗೆ, ಟ್ಯಾಂಕಿನ ಮೈಗೆ, ನಲ್ಲಿಗೆ ಬರುತ್ತದೆ. ಅರ್ಥ್ ವೈರ್ ಸರಿಯಾಗಿದ್ದರೆ ಆ ಕರೆಂಟ್ ಸುಲಭದ ದಾರಿ ಹಿಡಿದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಕಾಯುತ್ತಾ ಕೂರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾರಾದರೂ ನಲ್ಲಿ ಮುಟ್ಟಿದರೆ ಅವರೇ ದಾರಿಯಾಗುತ್ತಾರೆ.

ಇಲ್ಲಿ ಎಂಸಿಬಿ ಕಾಪಾಡುವುದಿಲ್ಲ. 16 ಆಂಪ್ ಅಂದರೆ 16,000 ಮಿಲಿಆಂಪ್. ಮನುಷ್ಯನ ಹೃದಯ ಹದ ತಪ್ಪಲು ಕೆಲವು ಹತ್ತು ಮಿಲಿಆಂಪ್ ಸಾಕು. ಜೀವ ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟ್ ಎಷ್ಟು, ವಾಪಸ್ ಬಂದಿದ್ದು ಎಷ್ಟು ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಲೈನ್ ಕಡಿದುಬಿಡುತ್ತದೆ. ಮನೆಯ ಬೋರ್ಡ್‌ನಲ್ಲಿ "ಟೆಸ್ಟ್" ಅಂತ ಒಂದು ಗುಂಡಿ ಇರುವ ದಪ್ಪನೆಯ ಸ್ವಿಚ್ ಇದೆಯೇ ನೋಡಿ. ಇದ್ದರೆ ಅದರ ಮೇಲೆ 30 ಮಿಲಿಆಂಪ್ ಅಂತ ಬರೆದಿದೆಯೇ ಓದಿ, ಗುಂಡಿ ಒತ್ತಿ. ತಕ್ಷಣ ಬೀಳಬೇಕು. ಇಲ್ಲದಿದ್ದರೆ ಗೀಸರಿನ ಲೈನ್ ಎಳೆಸುವಾಗಲೇ ಹಾಕಿಸಿ. ಬೇರೆ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಿ, ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಎಲೆಕ್ಟ್ರಿಷಿಯನ್ ಬಂದಾಗ ಸಾಕೆಟ್ ಬಿಚ್ಚಿಸಿ, ಮೂರನೆಯ ತೂತಿನ ಹಿಂದೆ ವೈರ್ ಇದೆಯೇ ಅಂತ ನಿಮ್ಮ ಕಣ್ಣಾರೆ ನೋಡಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಆ ತೂತಿನ ಹಿಂದೆ ಏನೂ ಇಲ್ಲದ ಸಾಕೆಟ್‌ಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ. ಕೆಲವರು ಅಲ್ಲಿಂದ ಒಂದು ತುಂಡು ವೈರನ್ನು ಪಕ್ಕದ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಇದು ಏನೂ ಇಲ್ಲದ್ದಕ್ಕಿಂತ ಅಪಾಯ. ಎಲ್ಲೋ ನ್ಯೂಟ್ರಲ್ ಕಡಿದುಹೋದರೆ ಗೀಸರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಅರ್ಥ್ ವೈರ್ ಬೋರ್ಡಿಗೆ ಹೋಗಿ, ಅಲ್ಲಿಂದ ನೆಲದಲ್ಲಿ ಹೂತ ಅರ್ಥಿಂಗ್ ತನಕ ತುಂಡಾಗದೆ ಹೋಗಬೇಕು. ಬಲ್ಬ್ ಉರಿಸಿ ತೋರಿಸಿದರೆ ಎಲ್ಲೋ ಒಂದು ಕಡೆ ಸೇರಿದೆ ಅಂತ ಮಾತ್ರ ಗೊತ್ತಾಗುತ್ತದೆ. ಮೀಟರ್ ಇಟ್ಟು ಅಳೆಯಲು ಹೇಳಿ.

ಗೋಡೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತುಂಬಿದ ಗೀಸರ್ ಹಗುರದ್ದಲ್ಲ. ನೀರೇ 25 ಕಿಲೋ, ಮೈ ಸುಮಾರು 10 ಕಿಲೋ. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಸಾಕು. ಟೊಳ್ಳು ಬ್ಲಾಕ್ ಅಥವಾ ಹಗುರ ಬ್ಲಾಕಿನ ಗೋಡೆಯಾದರೆ ಮಾಮೂಲು ಬೋಲ್ಟ್ ಹಿಡಿಯುವುದಿಲ್ಲ. ಗೋಡೆಯ ಆಚೆ ಬದಿಯ ತನಕ ಬೋಲ್ಟ್ ದಾಟಿಸಿ, ಅಲ್ಲಿ ಲೋಹದ ಪಟ್ಟಿ ಕೊಟ್ಟು ಬಿಗಿಯಬೇಕು. ಈಗ ಹಾಕಿದ್ದನ್ನು ಕೈಯಿಂದ ಮೆಲ್ಲಗೆ ಅಲುಗಿಸಿ ನೋಡಿ. ಬೋಲ್ಟ್ ಸುತ್ತ ಪ್ಲಾಸ್ಟರ್ ಪುಡಿ ಉದುರಿದ್ದರೆ ಬಿಡಬೇಡಿ, ಮತ್ತೆ ಹಾಕಿಸಿ. ಗೀಸರಿನ ಕೆಳಗೆ ಕಾಯಿಲ್ ಬಿಚ್ಚಿ ಎಳೆಯುವಷ್ಟು ಜಾಗವೂ ಇರಬೇಕು.

ಬಿಸಿನೀರಿನ ಕಡೆಗೆ ಮಾಮೂಲು ಪಿವಿಸಿ ಪೈಪ್ ಹಾಕಿದ್ದರೆ ಬದಲಿಸಿ. ಅದು ಬಿಸಿಗೆ ಮೆತ್ತಗಾಗುತ್ತದೆ. ಸಿಪಿವಿಸಿ ಆದರೆ 93 ಡಿಗ್ರಿ ತನಕ ತಡೆಯುತ್ತದೆ. ಟ್ಯಾಂಕಿನಿಂದ ಹೊರಡುವ ಮೊದಲ ಒಂದಡಿಗೆ ಉಕ್ಕಿನ ಜಾಲರಿ ಹೊದಿಸಿದ ಫ್ಲೆಕ್ಸಿಬಲ್ ಪೈಪ್ ಒಳ್ಳೆಯದು. ಗೀಸರ್ ನಲ್ಲಿಗೆ ಹತ್ತಿರ ಇದ್ದಷ್ಟೂ ಲಾಭ. ಅರ್ಧ ಇಂಚಿನ ಪೈಪ್ 10 ಮೀಟರಿಗೆ ಒಂದು ಲೀಟರಿಗೂ ಜಾಸ್ತಿ ನೀರು ಹಿಡಿಯುತ್ತದೆ, ಪ್ರತಿ ಸಲ ಅಷ್ಟು ಬಿಸಿನೀರು ಪೈಪಿನಲ್ಲೇ ಆರಿಹೋಗುತ್ತದೆ.

ಹೊಸ ಲೈನ್ ಬಂದ ಮೇಲೆ ಮತ್ತೆ ಚಾಲೂ ಮಾಡುವಾಗ ಅವಸರ ಬೇಡ. ಮೊದಲು ಸ್ಟಾಪ್ ವಾಲ್ವ್ ತೆರೆಯಿರಿ, ಬಿಸಿನೀರಿನ ನಲ್ಲಿ ಪೂರ್ತಿ ಬಿಡಿ. ಒಂದಷ್ಟು ಹೊತ್ತು ಗಾಳಿ ಬುಸುಗುಟ್ಟುತ್ತದೆ. ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಬಂದ ಮೇಲೆ ನಲ್ಲಿ ಮುಚ್ಚಿ, ಜಾಯಿಂಟುಗಳನ್ನು ಒಣ ಕೈಯಿಂದ ಸವರಿ ನೋಡಿ. ಆಮೇಲೆ ಮಾತ್ರ ಸ್ವಿಚ್.

ಮಕ್ಕಳು, ಅತ್ತೆಯವರ ವಿಷಯ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. 50 ಡಿಗ್ರಿಗೆ ಕೆಲವು ನಿಮಿಷ ಬೇಕು. ಮಕ್ಕಳ ಮತ್ತು ವಯಸ್ಸಾದವರ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ಹಾಗಂತ ಟ್ಯಾಂಕನ್ನು 40 ಡಿಗ್ರಿಗೆ ಇಳಿಸಿ ಇಡುವುದೂ ಸರಿಯಲ್ಲ. ಲೀಜಿಯೋನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ನನ್ನ ಸಲಹೆ ಇದು: ಟ್ಯಾಂಕ್ 60ರಲ್ಲಿ ಇರಲಿ, ಬಿಸಿನೀರು ಹೊರಡುವ ಕಡೆ ತಾನಾಗಿಯೇ ತಣ್ಣೀರು ಬೆರೆಸಿ ಹದ ಕೊಡುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸಿ. ಅದು ಆಗುವ ತನಕ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಕ್ಕಳು ಬಿಸಿನೀರಿನ ನಲ್ಲಿ ತಾವೇ ತಿರುಗಿಸದ ಹಾಗೆ ನೋಡಿಕೊಳ್ಳಿ. 60 ಡಿಗ್ರಿಯ 25 ಲೀಟರನ್ನು ತಣ್ಣೀರಿಗೆ ಬೆರೆಸಿದರೆ 40 ಡಿಗ್ರಿಯ ಸ್ನಾನದ ನೀರು 50 ಲೀಟರಿಗೂ ಹೆಚ್ಚು ಸಿಗುತ್ತದೆ. ಮೂರು ಜನಕ್ಕೆ ಸಾಲುತ್ತದೆ.

ಗಡುಸು ನೀರಿನ ಕಡೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಅದೇ ಪದರ ಸೇಫ್ಟಿ ವಾಲ್ವ್‌ನ ಬಾಯಿಯಲ್ಲೂ ಕಟ್ಟಿ, ಅದನ್ನು ಅಂಟಿಸಿಬಿಡಬಹುದು. ಅದಕ್ಕೇ ವಾಲ್ವ್ ಮೇಲೆ ಒಂದು ಸಣ್ಣ ಲಿವರ್ ಇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ, ಗೀಸರ್ ಆಫ್ ಮಾಡಿ ನೀರು ಆರಿದ ಮೇಲೆ, ಅದನ್ನು ಎತ್ತಿ ನೀರು ಚಿಮ್ಮುತ್ತದೆಯೇ ನೋಡಿ ಬಿಡಿ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಆನೋಡ್ ಅಂತ ಒಂದು ಕಡ್ಡಿಯೂ ಇರುತ್ತದೆ. ಟ್ಯಾಂಕಿನ ಬದಲು ತಾನು ಕರಗಲಿ ಅಂತ ಇಟ್ಟಿರುತ್ತಾರೆ. ನೀರು ಗಡುಸಾಗಿದ್ದರೆ ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಸವೆದಿದ್ದರೆ ಬದಲಿಸಿ.

ಕೊನೆಯದಾಗಿ ನಿಮ್ಮ ವಾಲ್ವ್‌ಗೇ ಬರುತ್ತೇನೆ. ಗೀಸರ್ ಆಫ್ ಇದ್ದಾಗ, ನೀರು ಪೂರ್ತಿ ತಣ್ಣಗಿದ್ದಾಗಲೂ ಅದು ತೊಟ್ಟಿಕ್ಕುತ್ತಿದೆಯೇ ಒಂದು ರಾತ್ರಿ ಕೆಳಗೆ ಲೋಟ ಇಟ್ಟು ನೋಡಿ. ಬೆಳಿಗ್ಗೆ ಲೋಟ ಒಣಗಿದ್ದರೆ ಎಲ್ಲ ಸರಿಯಾಗಿದೆ. ನೀರಿದ್ದರೆ ವಾಲ್ವ್‌ನ ಬಾಯಲ್ಲಿ ಮರಳು ಕೂತಿರಬಹುದು, ಲಿವರ್ ಎರಡು ಮೂರು ಸಲ ಎತ್ತಿದರೆ ಕೊಚ್ಚಿಕೊಂಡು ಹೋಗುತ್ತದೆ. ಹೋಗದಿದ್ದರೆ ಬರುವ ನೀರಿನ ಒತ್ತಡವೇ ಜಾಸ್ತಿ ಇರಬೇಕು. ಮೇಲಿನ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಬರೋದು ಬರೀ 1 ಬಾರ್. ಪ್ರೆಶರ್ ಪಂಪ್ ಇದ್ದರೆ, ಅಥವಾ ಎತ್ತರದ ಕಟ್ಟಡದ ಕೆಳಗಿನ ಮಹಡಿಯಲ್ಲಿ ನೀವಿದ್ದರೆ, ಲೆಕ್ಕ ಬೇರೆ. ಆಗ ಸ್ಟಾಪ್ ವಾಲ್ವ್‌ಗಿಂತ ಮೊದಲು ಒತ್ತಡ ಇಳಿಸುವ ವಾಲ್ವ್ ಹಾಕಬೇಕಾಗುತ್ತದೆ. ಪ್ಲಂಬರ್ ಹತ್ತಿರ ಪ್ರೆಶರ್ ಗೇಜ್ ಇರುತ್ತದೆ. ಅಳೆಸಿ, ಎಷ್ಟು ಬಾರ್ ಬಂತು ಮತ್ತು ಗೀಸರಿನ ಮೇಲೆ ಎಷ್ಟು ಬಾರ್ ಅಂತ ಬರೆದಿದೆ, ಎರಡನ್ನೂ ನನಗೆ ತಿಳಿಸಿ. ಯಾವ ವಾಲ್ವ್ ಬೇಕು ಅಂತ ಹೇಳುತ್ತೇನೆ.